ಬೀಗ ಒಡೆದ ಶನಿವಾರ

ಹೋದ ಶನಿವಾರ ಮಧ್ಯಾಹ್ನ ಮಂಡ್ಯ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಶಾಲಾ ಲೈಬ್ರರಿ ನೋಡಿಕೊಳ್ಳುವ ನಾವು ಹನ್ನೊಂದು ಜನ ಸೇರಿ ಒಂದು ಬೀರುವಿನ ಬೀಗ ಒಡೆದೆವು. ಗಾಬರಿ ಬೇಡ. ಹೆಡ್ ಮಾಸ್ಟರ್ ಪಕ್ಕದಲ್ಲೇ ನಿಂತಿದ್ದರು, ಸುತ್ತಿಗೆ ತರಿಸಿಕೊಟ್ಟವರೂ ಅವರೇ. ಬೀರುವಿನ ಬಾಗಿಲ ಮೇಲೆ ಬಿಳಿ ಪೇಂಟಿನಲ್ಲಿ ‘ಗ್ರಂಥಾಲಯ’ ಅಂತ ಬರೆದಿತ್ತು. ಹಿಂದೆ ಇದ್ದ ಮೇಷ್ಟ್ರೊಬ್ಬರು ವರ್ಗವಾಗಿ ಹೋಗುವಾಗ ಚಾರ್ಜ್ ಕೊಟ್ಟರಂತೆ. ಚಾರ್ಜ್ ಪಟ್ಟಿಯಲ್ಲಿ ಬೀರು ಇತ್ತಂತೆ. ಕೀ ಇರಲಿಲ್ಲವಂತೆ.

ಈಗ ಲೈಬ್ರರಿ ಚಾರ್ಜ್ ಇರುವುದು ಅಲ್ಲಿನ ಕನ್ನಡ ಮೇಷ್ಟ್ರಿಗೆ. ‘ಬುಡಿ ಮೇಡಂ, ನಾಲ್ಕ್ ವರ್ಷದಿಂದ ಈ ಬೀರು ಮೇಲೆ ಹಾಜರಿ ಪುಸ್ತಕ ಇಡ್ತಾ ಇದೀನಿ. ಒಳಗೆ ಏನೈತೆ ಅಂತ ಇವತ್ತೇ ನೋಡ್ತಿರೋದು’ ಅಂದರು. ಮುಖದಲ್ಲಿ ನಗು ಇತ್ತು, ನಾಚಿಕೆಯೂ ಇತ್ತು.

ಮೇಲಿನ ಎರಡು ಹಲಗೆ ಪರವಾಗಿಲ್ಲ. ಪುಸ್ತಕದ ಕಟ್ಟುಗಳಿಗೆ ಸುತ್ತಿದ ಹುರಿ ಕೂಡ ಬಿಚ್ಚಿರಲಿಲ್ಲ. ಮೂರನೇ ಹಲಗೆ ನೋಡಲು ಚೆನ್ನಾಗಿಯೇ ಇತ್ತು. ಒಂದು ಪುಸ್ತಕ ಎತ್ತಿದೆ. ರಟ್ಟು ಮಾತ್ರ ಕೈಗೆ ಬಂತು. ಒಳಗಿದ್ದದ್ದು ಮಣ್ಣು. ಗೆದ್ದಲು ಹಾಗೇ ಅಲ್ವಾ, ಬೆನ್ನು ಬಿಟ್ಟು ಹೊಟ್ಟೆ ತಿನ್ನುತ್ತದೆ. ಒಂದು ಹಲಗೆ ಪೂರ್ತಿ ಹೀಗೆ. ಬೀರುವನ್ನು ಗೋಡೆಗೆ ಒತ್ತಿ ಇಟ್ಟಿದ್ದರು, ಗೋಡೆ ಹಿಂದೆ ಟ್ಯಾಂಕಿನ ನೀರು ಸೋರುತ್ತಿತ್ತು. ನಮ್ಮ ಹನ್ನೊಂದು ಜನರಲ್ಲಿ ಏಳು ಜನ ಒಟ್ಟಿಗೇ ಹೇಳಿದ ಮಾತು: ‘ಮೊದಲು ಬೀರು ನಾಲ್ಕು ಬೆರಳು ಮುಂದಕ್ಕೆ ಎಳೀರಿ ಸರ್.’

ಇಷ್ಟು ಸಣ್ಣ ಮಾತು. ಇದನ್ನು ಮೇಷ್ಟ್ರಿಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಹೇಳುವವರು ಯಾರಿದ್ದರು?

ಲೈಬ್ರರಿ ನೋಡಿಕೊಳ್ಳುವವರಿಗೆ ಹೀಗೆ ಹೇಳುವವರೇ ಇಲ್ಲದಿರುವುದರ ಬಗ್ಗೆ ಬರೆಯಬೇಕು ಅಂತಲೇ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಿದ್ದರೆ ಓದಿ.

ನಾನು ಮೈಸೂರಿನಲ್ಲಿ ಶಾಲಾ ಲೈಬ್ರರಿಯನ್. ಮಾನಸಗಂಗೋತ್ರಿಯಲ್ಲಿ ಓದಿ ಈ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷ ಆಯ್ತು. ಇದು ನನಗೆ ಎರಡನೇ ಶಾಲೆ. ಒಂದು ಶಾಲೆಯಲ್ಲಿ ಗಣಿತಕ್ಕೆ ನಾಲ್ಕು ಜನ ಟೀಚರ್ ಇರುತ್ತಾರೆ, ಕನ್ನಡಕ್ಕೆ ಮೂವರು. ಅವರು ಊಟದ ಹೊತ್ತಿನಲ್ಲಿ ಕೂತು ‘ಆ ಲೆಕ್ಕ ಹೇಗೆ ಹೇಳಿಕೊಟ್ರಿ, ಆ ಸೆಕ್ಷನ್ ಮಕ್ಕಳು ಯಾಕೆ ಹಾಗೆ’ ಅಂತ ಮಾತಾಡುತ್ತಾರೆ. ಹೊಸದಾಗಿ ಬಂದವರು ಕೇಳಿಸಿಕೊಂಡೇ ಅರ್ಧ ಕಲಿಯುತ್ತಾರೆ. ಲೈಬ್ರರಿಯನ್ ಶಾಲೆಗೆ ಒಬ್ಬಳೇ. ಡಬ್ಬಿ ತೆಗೆದು ಅವರ ಜೊತೆ ಕೂರುತ್ತೇನೆ, ನಗುತ್ತೇನೆ, ಸಾರು ಹಂಚಿಕೊಳ್ಳುತ್ತೇನೆ. ಆದರೆ ಬಂದ ಪುಸ್ತಕಕ್ಕೆಲ್ಲ ಒಂದೊಂದು ನಂಬರ್ ಕೊಟ್ಟು ಬರೆದಿಡುವ ಅಕ್ಸೆಷನ್ ರಿಜಿಸ್ಟರಿನಲ್ಲಿ ಒಂದೇ ನಂಬರ್ ಎರಡು ಪುಸ್ತಕಕ್ಕೆ ಬಿದ್ದುಬಿಟ್ಟಿದೆ, ಈಗ ಏನು ಮಾಡಲಿ ಅಂತ ಅಲ್ಲಿ ಯಾರನ್ನು ಕೇಳಲಿ?

ಯಾರಾದರೂ ರಜೆ ಹಾಕಿದರೆ ಮಾತ್ರ ನನ್ನ ನೆನಪಾಗುತ್ತದೆ. ‘ಮಿಸ್, ಸೆವೆಂತ್ ಬಿ ಸಬ್‌ಸ್ಟಿಟ್ಯೂಷನ್ ನಿಮಗೆ ಹಾಕಿದೀವಿ, ಹೇಗೂ ಫ್ರೀ ಇದೀರಲ್ಲ.’

ಒಬ್ಬಳೇ ಇರುವುದರ ಬೆಲೆ ಎಷ್ಟು ಅಂತ ನನಗೆ ರೂಪಾಯಿ ಲೆಕ್ಕದಲ್ಲೇ ಗೊತ್ತಿದೆ. 2,340. ನಾನು ಮೊದಲು ಕೆಲಸ ಮಾಡಿದ ಶಾಲೆಯಲ್ಲಿ ವರ್ಷದ ಕೊನೆಗೆ ಸ್ಟಾಕ್ ವೆರಿಫಿಕೇಶನ್, ಅಂದರೆ ಪುಸ್ತಕಗಳ ಎಣಿಕೆ, ಆಯ್ತು. ಹದಿನಾಲ್ಕು ಪುಸ್ತಕ ಸಿಗಲಿಲ್ಲ. ಎರಡು ದಿನ ಹುಡುಕಿದೆ. ಸ್ಟಾಫ್ ರೂಮಿನ ಡ್ರಾಯರ್, ಲ್ಯಾಬು, ಕೊನೆಗೆ ಮನೆಯ ಮಂಚದ ಕೆಳಗೂ ನೋಡಿದೆ. ಸಿಗಲಿಲ್ಲ. ಆಫೀಸಿನಿಂದ ಒಂದು ಚೀಟಿ ಬಂತು, ಎರಡು ತಿಂಗಳ ಸಂಬಳದಲ್ಲಿ ಹಣ ಹಿಡಿದರು. ಆಗಿನ ನನ್ನ ಸಂಬಳಕ್ಕೆ ಅದು ದೊಡ್ಡ ಪೆಟ್ಟು. ಹಣಕ್ಕಿಂತ ಜಾಸ್ತಿ ನೋವಾಗಿದ್ದು, ನಾನೇ ತಪ್ಪು ಮಾಡಿದ್ದೇನೆ ಅಂತ ನಂಬಿಬಿಟ್ಟಿದ್ದು. ಆಮೇಲೆ ಏನು ಮಾಡಿದೆ ಗೊತ್ತಾ? ಮುಂದಿನ ವರ್ಷ ಮಕ್ಕಳಿಗೆ ಪುಸ್ತಕ ಕೊಡುವುದನ್ನೇ ಕಮ್ಮಿ ಮಾಡಿದೆ. ‘ಇಲ್ಲೇ ಕೂತು ಓದಿ, ಮನೆಗೆ ಬೇಡ’ ಅಂದೆ. ಆ ವರ್ಷ ಒಂದು ಪುಸ್ತಕವೂ ಕಳೆಯಲಿಲ್ಲ. ಶಹಭಾಸ್ ಅಂದರು.

ಎಷ್ಟೋ ವರ್ಷದ ಮೇಲೆ, ಕೇಂದ್ರೀಯ ವಿದ್ಯಾಲಯದಲ್ಲಿ ಲೈಬ್ರರಿಯನ್ ಆಗಿದ್ದು ನಿವೃತ್ತರಾದ ಒಬ್ಬರು ಮೇಡಂ ಪರಿಚಯವಾದರು. ಒಂದು ಮದುವೆ ಮನೆಯಲ್ಲಿ, ಊಟದ ಪಂಕ್ತಿಯಲ್ಲಿ. ಈ ಕತೆ ಹೇಳಿದೆ. ಅವರು ಹೋಳಿಗೆ ಮುರಿಯುತ್ತಾ ತಣ್ಣಗೆ ಹೇಳಿದರು: ‘ಅದಕ್ಕೆ ರೂಲ್ ಇದೆಯಲ್ಲಮ್ಮ.’

ಇದೆ. ಕೇಂದ್ರ ಸರ್ಕಾರದ ಜನರಲ್ ಫೈನಾನ್ಶಿಯಲ್ ರೂಲ್ಸ್, 2017, ಅಂದರೆ ಸರ್ಕಾರಿ ಹಣ, ಸಾಮಾನಿನ ಲೆಕ್ಕದ ನಿಯಮಗಳು. ಅದರ 215ನೇ ನಿಯಮದಲ್ಲಿ ಲೈಬ್ರರಿ ಪುಸ್ತಕದ ವಿಷಯ ಬರುತ್ತದೆ. ವರ್ಷದಲ್ಲಿ ಇಶ್ಯೂ ಆದ ಅಥವಾ ಓದಲು ತೆಗೆದ ಪ್ರತಿ 1,000 ಪುಸ್ತಕಕ್ಕೆ 5 ಪುಸ್ತಕ ಕಳೆದರೆ ಅದು ಸಹಜ ನಷ್ಟ. ಮೋಸವೋ ಅಸಡ್ಡೆಯೋ ಇರಬಾರದು, ಅಷ್ಟೆ. 1,000 ರೂಪಾಯಿಗಿಂತ ಜಾಸ್ತಿ ಬೆಲೆಯ ಪುಸ್ತಕ ಅಥವಾ ಅಪರೂಪದ ಪುಸ್ತಕ ಹೋದರೆ ಮಾತ್ರ ವಿಚಾರಣೆ ಮಾಡಲೇಬೇಕು. 20,000ದವರೆಗೆ ಪುಸ್ತಕ ಇರುವ ಲೈಬ್ರರಿಯಲ್ಲಿ ಪ್ರತಿ ವರ್ಷ ಪೂರ್ತಿ ಎಣಿಕೆ, ಅದಕ್ಕಿಂತ ಜಾಸ್ತಿ, 50,000ದವರೆಗೆ ಇದ್ದರೆ ಮೂರು ವರ್ಷಕ್ಕೊಮ್ಮೆಯಾದರೂ. ಹಿಂದೆ 2005ರ ನಿಯಮಗಳಲ್ಲೂ ಇಂಥದ್ದೇ ಇತ್ತು. ಖಾಸಗಿ ಶಾಲೆಗೆ ಇದು ಕಟ್ಟುಪಾಡಲ್ಲ, ಒಪ್ಪುತ್ತೇನೆ. ಆದರೆ ಒಂದು ಹಾಳೆ ಪ್ರಿಂಟ್ ತೆಗೆದು ಪ್ರಿನ್ಸಿಪಾಲರ ಟೇಬಲ್ ಮೇಲೆ ಇಟ್ಟು ‘ಸರ್ಕಾರವೇ ಹೀಗೆ ಹೇಳುತ್ತದೆ’ ಅನ್ನಬಹುದಿತ್ತು. ಆ ವರ್ಷ ನಾನು ಇಶ್ಯೂ ಮಾಡಿದ್ದು ಏಳು ಸಾವಿರದ ಮೇಲೆ. ಆ ಲೆಕ್ಕದಲ್ಲಿ ಮೂವತ್ತೈದು ಪುಸ್ತಕ ಹೋದರೂ ಸಹಜ. ನನ್ನದು ಹೋಗಿದ್ದು ಹದಿನಾಲ್ಕು!

ಆ ದಿನ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಆ ಮೇಡಂ ಜೊತೆ ಮಾತಾಡುತ್ತಾ ಮಾತಾಡುತ್ತಾ ಈ ಶನಿವಾರದ ಓಡಾಟ ಶುರುವಾಯ್ತು. ಮೊದಲು ಮೂವರು: ಅವರು, ನಾನು, ಮಂಡ್ಯದ ಒಂದು ಅನುದಾನಿತ ಶಾಲೆಯ ಒಬ್ಬರು ಅಕ್ಕ. ಈಗ ಇಪ್ಪತ್ತಮೂರು ಜನ. ಬರುವವರು ಹತ್ತು ಹನ್ನೆರಡು. ಹೆಸರಿಲ್ಲ, ಲೆಟರ್‌ಹೆಡ್ ಇಲ್ಲ, ಚಂದಾ ಇಲ್ಲ. ತಿಂಗಳಿಗೊಂದು ಶನಿವಾರ ಯಾರದಾದರೂ ಒಬ್ಬರ ಲೈಬ್ರರಿಗೆ ಹೋಗುವುದು. ಬಸ್ಸೋ ರೈಲೋ ಅವರವರ ಖರ್ಚು. ಮೈಸೂರು ಮಂಡ್ಯ ಎಷ್ಟು ದೂರ, ನಲವತ್ತೈದು ಕಿಲೋಮೀಟರ್ ಅಷ್ಟೇ. ಡಬ್ಬಿ ಅವರವರದೇ.

ಮೊದಲು ನಾನು ವಾಟ್ಸಾಪ್ ಗ್ರೂಪ್ ಮಾಡಿದ್ದೆ. ಮಾಡಿ ಎರಡು ವಾರಕ್ಕೆ ಅದು ಗುಡ್ ಮಾರ್ನಿಂಗ್ ಗುಲಾಬಿ ಹೂವಿನ ತೋಟವಾಯ್ತು. ಯಾರೂ ಏನೂ ಕೇಳುವುದಿಲ್ಲ. ಕೇಳಿದರೆ ‘ಇಷ್ಟೂ ಗೊತ್ತಿಲ್ವಾ’ ಅಂದುಕೊಳ್ಳುತ್ತಾರೆ ಅನ್ನುವ ಭಯ. ಒಬ್ಬರ ಲೈಬ್ರರಿಯ ಒಳಗೆ ಹೋಗಿ, ಅವರ ಸ್ಟೂಲ್ ಮೇಲೆ ಕೂತು, ಹರಿದ ಪುಸ್ತಕದ ರಾಶಿ ನೋಡಿದ ಮೇಲೆ ಆ ಭಯ ಹೋಗುತ್ತದೆ. ಎಲ್ಲರ ಮನೆ ದೋಸೆನೂ ತೂತೇ ತಾನೇ.

ನಮ್ಮದೊಂದೇ ನಿಯಮ. ಬಂದವರು ಮೊದಲು ತಮ್ಮ ಒಂದು ಎಡವಟ್ಟು ಹೇಳಬೇಕು. ಸಾಧನೆ ಆಮೇಲೆ. ಈ ನಿಯಮ ತಂದಿದ್ದು ನಿವೃತ್ತ ಮೇಡಂ. ನನ್ನ ಪಾಳಿ ಬಂದಾಗ ‘ಓದುವ ಸ್ಪರ್ಧೆ’ ಕತೆ ಹೇಳಿದೆ. ಒಂದು ತಿಂಗಳಲ್ಲಿ ಯಾರು ಜಾಸ್ತಿ ಪುಸ್ತಕ ಓದುತ್ತಾರೋ ಅವರಿಗೆ ಬಹುಮಾನ ಅಂತ ಇಟ್ಟಿದ್ದೆ. ಮಕ್ಕಳು ಜಾಣರು. ಬೆನ್ನು ನೋಡಿ ತೆಳ್ಳಗಿರುವ ಪುಸ್ತಕಗಳನ್ನೇ ಎತ್ತಿಕೊಂಡು ಹೋಗಿ ಮಾರನೇ ದಿನ ವಾಪಸ್ ತಂದರು. ಒಬ್ಬ ಹುಡುಗ 61 ಪುಸ್ತಕ ‘ಓದಿ’ ಮೊದಲ ಬಹುಮಾನ ತೆಗೆದುಕೊಂಡ. ಒಂದು ಕತೆ ಹೇಳು ಅಂದರೆ ಕೈ ಕಟ್ಟಿ ನಿಂತ. ದಪ್ಪ ಪುಸ್ತಕವೊಂದನ್ನು ಇಡೀ ತಿಂಗಳು ಓದಿದ ಹುಡುಗಿಗೆ ಏನೂ ಸಿಗಲಿಲ್ಲ. ಅವಳ ಮುಖ ಈಗಲೂ ನೆನಪಿದೆ. ಶ್ರೀರಂಗಪಟ್ಟಣದ ಒಬ್ಬರು ಮಿಸ್ ಅದೇ ಸ್ಪರ್ಧೆ ಇಡಬೇಕು ಅಂತ ಚಾರ್ಟ್ ಬರೆದಿಟ್ಟಿದ್ದರಂತೆ. ಹೋಗಿ ಹರಿದು ಹಾಕಿದರು.

ಬಣ್ಣದ ಸ್ಟಿಕರ್ ವಿಷಯದಲ್ಲಿ ನಮ್ಮಲ್ಲಿ ದೊಡ್ಡ ಜಗಳವೇ ಆಯ್ತು. ಪುಸ್ತಕಗಳನ್ನು ವಿಷಯದ ಪ್ರಕಾರ ನಂಬರ್ ಹಾಕಿ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814. ಕಥೆ, ಕಾದಂಬರಿ ಅಂದರೆ 894.8143. ಮೆಲ್ವಿಲ್ ಡ್ಯೂಯಿ 1876ರಲ್ಲಿ ಈ ಲೆಕ್ಕ ಶುರು ಮಾಡಿದಾಗ ಮಂಡ್ಯದ ಐದನೇ ಕ್ಲಾಸಿನ ಮಕ್ಕಳನ್ನು ನೆನೆಸಿಕೊಂಡಿರಲಿಲ್ಲ, ಅವನ ತಪ್ಪಲ್ಲ ಬಿಡಿ. ಆದರೆ ಶಾಲೆಯ ಕನ್ನಡ ಕಥೆ ಪುಸ್ತಕಗಳಿಗೆಲ್ಲ ಅದೇ ಉದ್ದನೆ ನಂಬರ್ ಅಂಟಿಸಿದರೆ ಮಗುವಿಗೆ ಏನು ಉಪಯೋಗ? ಅದಕ್ಕೆ ತುಂಬ ಜನ ಬಣ್ಣ ಹಚ್ಚುತ್ತಾರೆ. ಹಸಿರು ಅಂದರೆ ಚಿಕ್ಕವರಿಗೆ, ಹಳದಿ ನಡುವಿನವರಿಗೆ, ಕೆಂಪು ದೊಡ್ಡವರಿಗೆ. ನಾನೂ ಹಾಗೇ ಮಾಡಿದ್ದೆ.

ಮಂಡ್ಯದ ಅಕ್ಕ ತಡೆದರು. ಅವರ ಶಾಲೆಯಲ್ಲಿ ಏಳನೇ ಕ್ಲಾಸಿನ ಹುಡುಗನೊಬ್ಬ ಪ್ರತಿ ವಾರ ಕೆಂಪು ಸ್ಟಿಕರ್ ಪುಸ್ತಕ ತೆಗೆದುಕೊಂಡು ಹೋಗಿ ಹಾಗೇ ವಾಪಸ್ ಕೊಡುತ್ತಿದ್ದ. ಓದಲು ಕಷ್ಟ ಅವನಿಗೆ. ಹಸಿರು ಪುಸ್ತಕ ಬೇಕು, ಆದರೆ ಸ್ನೇಹಿತರ ಮುಂದೆ ಮೂರನೇ ಕ್ಲಾಸಿನ ಬಣ್ಣ ಹಿಡಿದುಕೊಂಡು ಹೋಗುವುದು ಹೇಗೆ? ಅಕ್ಕ ಆ ರಜೆಯಲ್ಲಿ ಅಷ್ಟೂ ಸ್ಟಿಕರ್ ಕಿತ್ತರು. ಈಗ ಬಣ್ಣ ಇರುವುದು ವಿಷಯಕ್ಕೆ: ಪ್ರಾಣಿ, ನಗೆ, ದೆವ್ವ, ವಿಜ್ಞಾನ, ಸಾಹಸ. ದಪ್ಪದ್ದು ತೆಳ್ಳಗಿನದು ಎಲ್ಲ ಒಟ್ಟಿಗೆ. ‘ದೆವ್ವದ ಕತೆ ಅಂದ್ರೆ ಯಾರೂ ಹಂಗಿಸಲ್ಲ ಮೇಡಂ’ ಅಂದರು.

ಹದಿನಾಲ್ಕು ವರ್ಷ ಈ ಕೆಲಸ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಎಲ್ಲರೂ ಒಪ್ಪಿದ್ದೇವೆ ಅಂತ ಅಲ್ಲ. ಮೈಸೂರಿನ ಇಬ್ಬರು ಇನ್ನೂ ಒಪ್ಪಿಲ್ಲ, ಚಿಕ್ಕ ಮಕ್ಕಳು ಕಳೆದುಹೋಗುತ್ತಾರೆ ಅನ್ನುತ್ತಾರೆ. ವಾದ ನಡೆಯುತ್ತಲೇ ಇದೆ.

ಆಗಸ್ಟ್ 12ಕ್ಕೆ, ಲೈಬ್ರರಿಯನ್ ದಿನ ಅಂತ, ಎಲ್ಲ ಲೈಬ್ರರಿಗಳಲ್ಲೂ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಫೋಟೋಗೆ ಹಾರ ಹಾಕುತ್ತೇವೆ. ಒಂದು ಕ್ವಿಜ್, ಒಂದು ಭಾಷಣ, ಲೈಬ್ರರಿ ಬಗ್ಗೆ ಅವರು ಬರೆದ ಐದು ಸೂತ್ರ ಬಾಯಿಪಾಠ. ಅವರ ಬದುಕಿನ ಒಂದು ಸಂಗತಿ ಮಾತ್ರ ಭಾಷಣದಲ್ಲಿ ಬರುವುದೇ ಇಲ್ಲ. ಅವರು ಮೂಲದಲ್ಲಿ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. ಸ್ವಲ್ಪ ದಿನಕ್ಕೇ ಸಾಕಾಯ್ತು. ಒಂಟಿತನ, ಬೇಜಾರು ತಡೆಯಲಾಗದೆ ‘ನನ್ನ ಪಾಠದ ಕೆಲಸ ವಾಪಸ್ ಕೊಡಿ’ ಅಂತ ಕೇಳಿಕೊಂಡು ಹೋದರು. ಮೊದಲು ಲಂಡನ್ನಿಗೆ ಹೋಗಿ ಈ ವಿದ್ಯೆ ಕಲಿತು ಬನ್ನಿ, ಆಮೇಲೂ ಬೇಡ ಅನಿಸಿದರೆ ಹಳೇ ಕೆಲಸ ನಿಮ್ಮದೇ ಅಂದರು ಮೇಲಿನವರು. ಅಲ್ಲಿ ರಂಗನಾಥನ್ ಓದಿದ್ದಕ್ಕಿಂತ ಹೆಚ್ಚಾಗಿ ಸುತ್ತಿದರು. ಒಂದಾದ ಮೇಲೆ ಒಂದು ಲೈಬ್ರರಿ ಒಳಗೆ ಹೋಗಿ, ಅಲ್ಲಿನವರು ಹೇಗೆ ಕೆಲಸ ಮಾಡುತ್ತಾರೆ ಅಂತ ನೋಡಿದರು. ವಾಪಸ್ ಬಂದ ಮೇಲೆ ಗಣಿತದ ಮಾತೇ ಎತ್ತಲಿಲ್ಲ. 1962ರಲ್ಲಿ ನಮ್ಮ ಬೆಂಗಳೂರಿನಲ್ಲೇ ಡಾಕ್ಯುಮೆಂಟೇಶನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್ ಶುರು ಮಾಡಿದರು, 1972ರಲ್ಲಿ ತೀರಿಕೊಂಡಿದ್ದೂ ಬೆಂಗಳೂರಿನಲ್ಲೇ.

ರಂಗನಾಥನ್ ಅಂಥವರಿಗೇ ಸ್ವಲ್ಪ ದಿನಕ್ಕೆ ಸಾಕಾಗಿತ್ತು ಅಂತ ಗೊತ್ತಾದ ದಿನ ನನಗೆ ಎಷ್ಟು ಸಮಾಧಾನ ಆಯ್ತು ಅಂತ ಹೇಳಲಾರೆ.

ಈ ಓಡಾಟದ ಬಗ್ಗೆ ಒಬ್ಬರು ಸರ್ ಬೇಸರ ಮಾಡಿಕೊಂಡಿದ್ದಾರೆ. ಅವರೂ ಲೈಬ್ರರಿಯನ್, ನನಗಿಂತ ಹಿರಿಯರು. ‘ಏನಮ್ಮ ನೀವು, ಡಬ್ಬಿ ಕಟ್ಟಿಕೊಂಡು ಪಿಕ್‌ನಿಕ್ ಹೋಗ್ತೀರಿ. ಮೊದಲು ಸಂಘ ಮಾಡಿ. ಸಂಬಳ, ಹುದ್ದೆ ಕೇಳಿ. ಸ್ಟಿಕರ್ ಬಣ್ಣದಿಂದ ಹೊಟ್ಟೆ ತುಂಬುತ್ತಾ?’ ಅಂತ ಫೋನಿನಲ್ಲಿ ರೇಗಿದರು. ಅವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಖಾಸಗಿ ಶಾಲೆಗಳಲ್ಲಿ ಎಷ್ಟೋ ಕಡೆ ಲೈಬ್ರರಿಯನ್ ಸಂಬಳ ಟೀಚರ್‌ಗಿಂತ ಕಮ್ಮಿ. ನಾನು ನೋಡಿದ ಸರ್ಕಾರಿ ಶಾಲೆಗಳಲ್ಲಿ ಲೈಬ್ರರಿಯನ್ ಅನ್ನುವ ಮನುಷ್ಯನೇ ಇಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲಾ ಲೈಬ್ರರಿಗೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನ ಇದೆ, ಶಾಲೆ ಯಾವ ಹಂತದ್ದು ಅನ್ನುವುದರ ಮೇಲೆ. ಪುಸ್ತಕ ಬರುತ್ತದೆ. ಬಂದ ಪುಸ್ತಕದ ಹುರಿ ಬಿಚ್ಚಲು ಆಳು ಇಲ್ಲ. ಇದನ್ನು ಕೇಳಲೇಬೇಕು, ಜೋರಾಗಿಯೇ ಕೇಳಬೇಕು.

ಆದರೆ ನಾನು ಒಂದು ಸಂಘ ನೋಡಿದ್ದೇನೆ. ಮೂರು ಸಭೆ ಆಯ್ತು. ಮೊದಲನೆಯದರಲ್ಲಿ ಅಧ್ಯಕ್ಷರು ಯಾರು ಅಂತ, ಎರಡನೆಯದರಲ್ಲಿ ಉಪಾಧ್ಯಕ್ಷರು ಎಷ್ಟು ಜನ ಅಂತ, ಮೂರನೆಯದರಲ್ಲಿ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ. ನಾಲ್ಕನೆಯದು ಇನ್ನೂ ಕರೆದಿಲ್ಲ. ಒಬ್ಬರ ಲೈಬ್ರರಿ ಇನ್ನೊಬ್ಬರು ನೋಡಿಲ್ಲ, ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತಿಲ್ಲ. ಮನವಿ ಪತ್ರಕ್ಕೆ ಸಹಿ ಹಾಕುತ್ತಾರೆ, ಆಮೇಲೆ ಆಡಳಿತ ಮಂಡಳಿ ಒಬ್ಬರನ್ನು ಕರೆದು ಗದರಿದರೆ ಪಕ್ಕದಲ್ಲಿ ನಿಲ್ಲುವವರು ಯಾರು? ಬೀಗ ಒಡೆಯಲು ಸ್ವಂತ ಖರ್ಚಿನಲ್ಲಿ ಬಸ್ ಹತ್ತಿ ಬರುವವರಿದ್ದರೆ ಅದಕ್ಕೂ ಬರುತ್ತಾರೆ ಅಂತ ನನ್ನ ಲೆಕ್ಕ. ತಪ್ಪಿರಬಹುದು. ಸರ್‌ಗೆ ಹೇಳಿದ್ದೇನೆ, ಒಂದು ಶನಿವಾರ ಬನ್ನಿ, ಆಮೇಲೆ ಬೈಯ್ಯಿರಿ ಅಂತ. ಇನ್ನೂ ಬಂದಿಲ್ಲ.

ಇನ್ನೊಂದು ಮಾತು. ನಮ್ಮಲ್ಲೇ ಒಂದು ಸಣ್ಣ ಕೊಬ್ಬು ಇದೆ, ಮುಚ್ಚಿಡುವುದು ಬೇಡ. ‘ಎಂ.ಲಿಬ್ ಡಿಗ್ರಿ ಮಾಡಿದವರು ನಾವು, ಚಾರ್ಜ್ ಮೇಷ್ಟ್ರು ಲೈಬ್ರರಿಯನ್ ಹೇಗಾಗ್ತಾರೆ’ ಅಂತ. ಕನ್ನಡ ಮೇಷ್ಟ್ರನ್ನು ಸೇರಿಸಿಕೊಳ್ಳುವಾಗ ಇಬ್ಬರು ಮುಖ ಸಿಂಡರಿಸಿದರು. ಗ್ರಾಮ ಪಂಚಾಯ್ತಿ ಅರಿವು ಕೇಂದ್ರದ, ಅಂದರೆ ಹಳ್ಳಿ ಲೈಬ್ರರಿಯ, ಮೇಲ್ವಿಚಾರಕರೊಬ್ಬರು ಬರುತ್ತೇನೆ ಅಂದಾಗಲೂ ಅದೇ ರಾಗ. ಆ ಮೇಲ್ವಿಚಾರಕರು ನಮಗೆ ಕಲಿಸಿದ್ದು ಏನು ಗೊತ್ತಾ? ಮಕ್ಕಳು ಪುಸ್ತಕದ ಬೆನ್ನು ನೋಡಿ ಆರಿಸುವುದಿಲ್ಲ, ಮುಖ ನೋಡಿ ಆರಿಸುತ್ತಾರೆ. ಅವರ ಕೇಂದ್ರದಲ್ಲಿ ರ‍್ಯಾಕ್ ಸಾಲದು ಅಂತ ಗೋಡೆಯಿಂದ ಗೋಡೆಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ, ಕ್ಲಿಪ್ ಹಾಕಿ ತೆಳ್ಳನೆ ಪುಸ್ತಕಗಳನ್ನು ನೇತುಹಾಕಿದ್ದಾರೆ. ಬಡತನಕ್ಕೆ ಮಾಡಿದ ಉಪಾಯ. ಆ ಹಗ್ಗದ ಮೇಲಿನ ಪುಸ್ತಕಗಳೇ ಜಾಸ್ತಿ ಓಡುತ್ತವೆ. ನಾನು ನಮ್ಮ ಶಾಲೆಯಲ್ಲಿ ಕಟ್ಟಿದೆ. ಪ್ರಿನ್ಸಿಪಾಲರು ಬಂದು ‘ಇದೇನು ಮಿಸ್, ಧೋಬಿ ಘಾಟ್’ ಅಂದರು. ಹಗ್ಗ ಇನ್ನೂ ಇದೆ.

ಒಂದು ಸಲ ಎಲ್ಲರೂ ಪಾಂಡವಪುರದ ಹತ್ತಿರದ ಹರಳಹಳ್ಳಿಗೆ ಹೋಗಿದ್ದೆವು, ಅಂಕೇಗೌಡರ ಪುಸ್ತಕ ಮನೆಗೆ. ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಸಂಬಳದ ಬಹುಪಾಲನ್ನು ಪುಸ್ತಕಕ್ಕೆ ಸುರಿದು ಲಕ್ಷಗಟ್ಟಲೆ ಪುಸ್ತಕ ಸೇರಿಸಿದವರು. ರ‍್ಯಾಕ್ ತುಂಬಿ, ನೆಲ ತುಂಬಿ, ರಾಶಿ ರಾಶಿ. ಒಳಗೆ ಕಾಲಿಟ್ಟ ಕೂಡಲೇ ನಮ್ಮವರೆಲ್ಲರ ಕೈ ತುರಿಸತೊಡಗಿತು. ಜೋಡಿಸಬೇಕು, ನಂಬರ್ ಹಾಕಬೇಕು! ನಿವೃತ್ತ ಮೇಡಂ ಮಾತ್ರ ಸುಮ್ನೆ ಒಂದು ಮೂಲೆಯಲ್ಲಿ ನಿಂತು ನೋಡುತ್ತಿದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ನೋಡುತ್ತಾ ‘ಮೂವತ್ತು ವರ್ಷ ಬರೀ ಲೆಕ್ಕ ಇಟ್ಟೆ ಕಣಮ್ಮ’ ಅಂದರು. ಏನಂತ ಉತ್ತರ ಕೊಡಬೇಕೋ ಗೊತ್ತಾಗಲಿಲ್ಲ.

ನಮ್ಮ ನೆಂಟರು ಈಗಲೂ ಕೇಳುತ್ತಾರೆ, ‘ಪುಸ್ತಕ ಎತ್ತಿಡೋ ಕೆಲಸ ತಾನೇ’ ಅಂತ. ಇದೇ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಲೈಬ್ರರಿಯನ್ ಆಗಿದ್ದಾಗ, 1905ರಲ್ಲಿ, ತಂಜಾವೂರು ಕಡೆಯ ಒಬ್ಬ ಪಂಡಿತರು ಒಂದು ತಾಳೆಗರಿ ಕಟ್ಟು ತಂದುಕೊಟ್ಟರು. ಕೌಟಿಲ್ಯನ ಅರ್ಥಶಾಸ್ತ್ರ ಅದು. ಶಾಸ್ತ್ರಿಗಳು ಓದಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಎತ್ತಿಡೋ ಕೆಲಸವೇ ಬಿಡಿ.

ಮತ್ತೆ ಮಂಡ್ಯದ ಬೀರುವಿಗೆ ಬರುತ್ತೇನೆ. ಗೆದ್ದಲು ಹಿಡಿದದ್ದನ್ನು ಹೊರಗೆ ಹಾಕಿದೆವು. ಉಳಿದದ್ದನ್ನು ಬೇವಿನ ಮರದ ನೆರಳಲ್ಲಿ ಗಾಳಿಗೆ ಹರಡಿದೆವು (ಬಿಸಿಲಿಗೆ ಹಾಕಬೇಡಿ, ಹಾಳೆ ಗರಿಗರಿಯಾಗಿ ಮುರಿಯುತ್ತದೆ). ಒಬ್ಬರು ಎಣಿಸಿದರು, ಒಬ್ಬರು ರಿಜಿಸ್ಟರ್ ಗೆರೆ ಎಳೆದರು. ಹರಿದ ಬೆನ್ನಿಗೆ ಸೆಲ್ಲೋ ಟೇಪ್ ಹಚ್ಚಬಾರದು, ಎರಡು ವರ್ಷಕ್ಕೆ ಹಳದಿಯಾಗಿ ಹಾಳೆಯನ್ನೂ ತಿನ್ನುತ್ತದೆ, ಮೈದಾ ಅಂಟು ಮಾಡಿ ಬಟ್ಟೆ ಪಟ್ಟಿ ಅಂಟಿಸಿ ಅಂತ ಅಕ್ಕ ತೋರಿಸಿಕೊಟ್ಟರು. ಬೈಂಡಿಂಗ್ ಮಾಡುವವರು ಅದಕ್ಕೆ ಮೈಲುತುತ್ತ ಹಾಕುತ್ತಾರೆ, ಹುಳ ಬರದಿರಲಿ ಅಂತ. ಅದು ವಿಷ, ಶಾಲೆಯಲ್ಲಿ ಬೇಡ ಅಂತ ಬಿಟ್ಟೆವು. ಒಟ್ಟು 412 ಪುಸ್ತಕ ಉಳಿಯಿತು. ಹೆಡ್ ಮಾಸ್ಟರ್ ಹೊಸ ಬೀಗ ತರಿಸುತ್ತೇನೆ ಅಂದರು. ಹನ್ನೊಂದು ಜನವೂ ಅವರ ಕಡೆ ತಿರುಗಿ ನೋಡಿದೆವು. ‘ಆಯ್ತಾಯ್ತು, ಬೇಡ’ ಅಂದರು.

ಮುಂದಿನದು ನಮ್ಮ ಶಾಲೆಯಲ್ಲಿ, ಎರಡನೇ ಶನಿವಾರ, ಬೆಳಿಗ್ಗೆ ಹತ್ತೂವರೆಗೆ. ಮೈಸೂರು, ಮಂಡ್ಯ ಕಡೆ ಶಾಲಾ ಲೈಬ್ರರಿ ನೋಡಿಕೊಳ್ಳುವವರು ಯಾರು ಬೇಕಾದರೂ ಬರಬಹುದು, ಡಿಗ್ರಿ ಕೇಳುವುದಿಲ್ಲ. ಈ ಸಲ ಸ್ಟಾಕ್ ವೆರಿಫಿಕೇಶನ್ ಮಾಡೋಣ ಅಂತಿದ್ದೇವೆ, ಎಲ್ಲರೂ ಕೈ ಹಾಕಿದರೆ ಸಂಜೆಯೊಳಗೆ ಮುಗಿಯುತ್ತದೆ. ಧೂಳಿಗೆ ಒಂದು ಹಳೇ ವೇಲ್ ತನ್ನಿ. 215ನೇ ನಿಯಮದ ಜೆರಾಕ್ಸ್ ನನ್ನ ಹತ್ತಿರ ಮೂವತ್ತು ಇದೆ.